ಗವರ್ನರ್ ಸಾಹೇಬರ ಮರಳಿನ ಸೀಮೆ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ಬೇರೆ ಮಾತೆಲ್ಲ ಆಮೇಲೆ. ತಲೆ ತುಂಬ ಕಪ್ಪು ಕೂದಲು, ಮುಷ್ಟಿ ಬಿಚ್ಚುವುದೇ ಇಲ್ಲ, ಹಸಿವಾದರೆ ಆಸ್ಪತ್ರೆಯ ಕಾರಿಡಾರಿನ ಆ ತುದಿಗೂ ಕೇಳುವ ಹಾಗೆ ಕೂಗುತ್ತಾಳೆ. ಮೂಗು ನನ್ನ ಹೆಂಡತಿಯದು, ಕಿವಿ ಅಳಿಯನದು. ಆ ಕೂಗು ಮಾತ್ರ ನನ್ನದೇ ಎಂದು ಎಲ್ಲರೂ ಹೇಳುತ್ತಾರೆ. ಪರೇಡ್ ಮೈದಾನದಲ್ಲಿ ಪಳಗಿದ ಗಂಟಲು, ಎಲ್ಲಿಗೆ ಹೋದೀತು? ನನ್ನ ಎರಡು ಅಂಗೈಯಲ್ಲಿ ಇಡೀ ಹುಡುಗಿ ಹಿಡಿಸುತ್ತಾಳೆ. ಇಷ್ಟು ವರ್ಷ ಸಲಿಕೆ, ಸುತ್ತಿಗೆ, ಸ್ಪ್ಯಾನರ್ ಹಿಡಿದ ಕೈಗೆ ಇಷ್ಟು ಹಗುರವಾದ ಕೆಲಸ ಸಿಕ್ಕಿದ್ದು ಇದೇ ಮೊದಲು.

ಅವಳು ಹುಟ್ಟಿದ ದಿನವೇ ನನ್ನ ಕೆಲಸ ಹೋಯಿತು. ಫೋನ್ ಮಾಡಿದವರು ಮೊದಲು "ಕಂಗ್ರಾಟ್ಸ್ ಅಂಕಲ್" ಅನ್ನುತ್ತಾರೆ, ಆಮೇಲೆ ದನಿ ತಗ್ಗಿಸಿ, "ಕೆಲಸ ಯಾಕೆ ಬಿಟ್ರಿ?" ಎಂದು ಕೇಳುತ್ತಾರೆ. ಬಿಟ್ಟದ್ದಲ್ಲ, ಬಿಡಿಸಿದರು. ಒಬ್ಬೊಬ್ಬರಿಗೂ ಬಿಡಿಸಿ ಹೇಳಿ ಸಾಕಾಗಿ ಬರೆಯಲು ಕೂತಿದ್ದೇನೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಇಲ್ಲಿ ಅಮೆರಿಕದಲ್ಲಿ ರಾಕ್‌ವಿಲ್ ಊರು ದಾಟಿದ ಮೇಲೆ ನಿವೃತ್ತ ಸೇನಾಧಿಕಾರಿಗಳು ಇರುವ ಒಂದು ವಸತಿ ಇದೆ. ಅಲ್ಲಿ ನನ್ನದು ಮೇಂಟೆನೆನ್ಸ್ ಕೆಲಸ. ನಲ್ಲಿ ಸೋರಿದರೆ ವಾಷರ್ ಹಾಕುವುದು, ಕಮೋಡ್ ಕಟ್ಟಿಕೊಂಡರೆ ಬಿಡಿಸುವುದು, ಹಿಮ ಬಿದ್ದರೆ ದಾರಿಗೆ ಉಪ್ಪು ಎರಚುವುದು. ಜರ್ಮನ್‌ಟೌನಿನ ಮಗಳ ಅಪಾರ್ಟ್‌ಮೆಂಟಿನಿಂದ ದಿನಾ ಬಸ್ಸು. ಅಲ್ಲಿನ ಮುದುಕರು ಯಾರೂ ನನ್ನ ಮುಖ ನೋಡಿ ಮಾತಾಡಿದವರಲ್ಲ. ನಲ್ಲಿ ನೋಡಿ ಮಾತಾಡುತ್ತಿದ್ದರು.

ಗವರ್ನರ್ ಸಾಹೇಬರೊಬ್ಬರು ಬೇರೆ. ಚಳಿಗಾಲದ ಒಂದು ಬೆಳಿಗ್ಗೆ ಅವರ ಕೋಣೆಯ ಹೀಟರ್ ರಿಪೇರಿಗೆ ಹೋಗಿದ್ದೆ. ಅವರು ಏನೋ ಕೇಳಿದಾಗ ನಾನು ಎದ್ದು ನಿಂತು ಉತ್ತರ ಕೊಟ್ಟೆ. ಗಾಲಿಕುರ್ಚಿಯಿಂದಲೇ ಕತ್ತೆತ್ತಿ ನೋಡಿದರು. ಅವರ ಇಂಗ್ಲಿಷನ್ನು ನನ್ನ ಕನ್ನಡಕ್ಕೆ ಇಳಿಸಿ ಬರೆಯುತ್ತೇನೆ.

"ನೀನು ಸೈನ್ಯದಲ್ಲಿದ್ದವನು. ಯಾವ ದಳ?"

"ಇಂಜಿನಿಯರ್ಸ್, ಸರ್. ಇಂಡಿಯನ್ ಆರ್ಮಿ. ಸ್ಯಾಪರ್ ಆಗಿ ಸೇರಿ ಹವಾಲ್ದಾರ್ ಆಗಿ ಹೊರಗೆ ಬಂದೆ."

"ಹವಾಲ್ದಾರ್ ಅಂದ್ರೆ?"

"ಸಾರ್ಜೆಂಟ್ ಇದ್ದ ಹಾಗೆ."

"ಹಾಗಾದ್ರೆ ನೀನು ಸಾರ್ಜೆಂಟ್. ನಾನೂ ಇಂಜಿನಿಯರೇ. ಬೈಲಿ ಸೇತುವೆ ಕಟ್ಟಿದ್ದೀಯಾ?"

ಬೈಲಿ ಸೇತುವೆ ಎಂದರೆ ಕಬ್ಬಿಣದ ಚೌಕಟ್ಟುಗಳನ್ನು ಪಿನ್ನು ಹೊಡೆದು ಜೋಡಿಸುತ್ತಾ ನದಿಯ ಮೇಲೆ ತಳ್ಳುವ ಸೇತುವೆ. ಕಟ್ಟಿದ್ದೇನಾ ಎಂದರೆ! ನನ್ನ ಎಡಗೈ ಕಿರುಬೆರಳು ಸೊಟ್ಟಗಿರುವುದೇ ಅದರಿಂದ. ತೋರಿಸಿದೆ. ಅವರು ತಮ್ಮ ಬಲಗೈ ತೋರಿಸಿದರು. ಅಲ್ಲಿ ಅರ್ಧ ಬೆರಳೇ ಇರಲಿಲ್ಲ. "ನಾನು ಆಫೀಸರ್. ನಿನಗಿಂತ ಹೆಚ್ಚು ಕೊಡಬೇಕಿತ್ತು," ಎಂದು ನಕ್ಕರು. ಅವತ್ತು ಬಸ್ಸಿನಲ್ಲಿ ಮನೆಗೆ ಬರುವಾಗ ನನ್ನ ಎದೆ ಉಬ್ಬಿದ್ದು ನಿಜ. ಎಷ್ಟೋ ವರ್ಷವಾಗಿತ್ತು ಯಾರೂ ನನ್ನನ್ನು ದರ್ಜೆ ಹಿಡಿದು ಕರೆದು.

ಅವರ ಕಥೆ ವಸತಿಯಲ್ಲಿ ಎಲ್ಲರಿಗೂ ಗೊತ್ತು. ಯುದ್ಧದಲ್ಲಿ ಸೇತುವೆ ಕಟ್ಟಿ ಪದಕ ಪಡೆದವರು. ಆಮೇಲೆ ಅವರನ್ನು ಸಮುದ್ರದಾಚೆಯ ಒಂದು ಸೀಮೆಗೆ ಅಣೆಕಟ್ಟು ಕಟ್ಟಲು ಕಳಿಸಿದರು. ಆ ಸೀಮೆ ಆಗ ಅಮೆರಿಕದ ಕೈಯಲ್ಲಿತ್ತು. ಅಲ್ಲಿನ ಜನರಿಗೆ ಓಟಿಲ್ಲ, ವಾಷಿಂಗ್ಟನ್‌ನಿಂದ ಬಂದ ಗವರ್ನರ್ ಹೇಳಿದ್ದೇ ಕಾನೂನು. ಅಣೆಕಟ್ಟು ಮುಗಿಯುವ ಹೊತ್ತಿಗೆ ಇವರನ್ನೇ ಗವರ್ನರ್ ಮಾಡಿದರು. ಗೋಡೆ ಕಟ್ಟಿದವರೂ ಇವರೇ, ನೀರು ಬರುತ್ತೆ, ಊರು ಬಿಡಿ ಎಂದು ಆಜ್ಞೆ ಹೊರಡಿಸಿದವರೂ ಇವರೇ.

ವಸಂತ ಕಾಲದಲ್ಲಿ ಅವರ ಗೌರವಕ್ಕೆ ವಸತಿಯ ದೊಡ್ಡ ಹಾಲಿನಲ್ಲಿ ಸಮಾರಂಭ ಇಟ್ಟುಕೊಂಡರು. ಆ ಸೀಮೆಯಲ್ಲಿ ಇವರ ಕೈಕೆಳಗೆ ಕೆಲಸ ಮಾಡಿದ ಅಧಿಕಾರಿಗಳು ಬರುವವರಿದ್ದರು. ಷಾರ್ಲೆಟ್‌ನಲ್ಲಿ ಬ್ಯಾಂಕಿನಲ್ಲಿರುವ ಸಾಹೇಬರ ಮಗ ಭಾಷಣ ಮಾಡುವವನಿದ್ದ. ಸಾಹೇಬರು ಮ್ಯಾನೇಜರಮ್ಮನನ್ನು ಕರೆಸಿ, "ನನಗೆ ಫೋಟೋ ಬೇಡ. ಮರಳಿನ ಮಾದರಿ ಬೇಕು. ಸಾರ್ಜೆಂಟ್ ಮಾಡ್ತಾನೆ," ಎಂದರು.

ಮರಳಿನ ಮಾದರಿ ನಮ್ಮ ಸೈನ್ಯದ ವಿದ್ಯೆ. ಎಲ್ಲಿ ಕಾರ್ಯಾಚರಣೆಯೋ ಆ ನೆಲವನ್ನು ಚಿಕ್ಕದಾಗಿ ಮರಳಿನಲ್ಲಿ ಎಬ್ಬಿಸಿ, ಬಣ್ಣದ ಮರದ ಹೊಟ್ಟಿನಿಂದ ಕಾಡು, ಗದ್ದೆ, ನೀರು ತೋರಿಸಿ, ಬೆಂಕಿಪೊಟ್ಟಣದ ಮನೆ ಇಟ್ಟು, ಸುತ್ತ ಜವಾನರನ್ನು ನಿಲ್ಲಿಸಿ ಆಫೀಸರ್ ಕೋಲಿನಿಂದ ತೋರಿಸುತ್ತಾರೆ. ಅಕ್ಷರ ಬಾರದವನಿಗೂ ನೆಲ ಓದಲು ಬರುತ್ತದೆ. ಅದಕ್ಕೆ ಒಂದು ನಿಯಮ ಇದೆ. ಆಫೀಸರ್ ಬಾಯಿಂದ ಒಂದು ಜಾಗ ಬಂತೆಂದರೆ ಅದು ಮಾದರಿಯಲ್ಲಿ ಇರಲೇಬೇಕು. ಬಾವಿಯೋ, ಹಳ್ಳವೋ, ನೆಲಬಾಂಬು ಹೂತ ಹೊಲವೋ, ಬಿಟ್ಟರೆ ನಾಳೆ ಯಾರೋ ಅದರ ಮೇಲೆ ಕಾಲಿಡುತ್ತಾರೆ. ನನ್ನ ಉಸ್ತಾದ್ ಇದನ್ನು ಬೆನ್ನ ಮೇಲೆ ಗುದ್ದಿ ಕಲಿಸಿದ್ದರು.

(ಈಗ ಮೊಮ್ಮಗಳು ಎದ್ದಳು. ಪೆನ್ನು ಕೆಳಗಿಟ್ಟು ಹೋಗಿ ಬಂದೆ. ಆಕಳಿಸಿದಳು, ಅಷ್ಟೇ. ಆದರೆ ಎಂಥ ಆಕಳಿಕೆ!)

ಹಾಲಿನ ಎರಡು ಪಿಂಗ್‌ಪಾಂಗ್ ಟೇಬಲ್ ಜೋಡಿಸಿ, ಸುತ್ತ ಹಲಗೆ ಕಟ್ಟಿ, ಮೇಲೆ ಪ್ಲಾಸ್ಟಿಕ್ ಹಾಸಿದೆ. ಹಲಗೆಗೆ ಸಮ ಅಂತರದಲ್ಲಿ ಮೊಳೆ ಹೊಡೆದು ಉದ್ದಕ್ಕೂ ಅಡ್ಡಕ್ಕೂ ದಾರ ಎಳೆದೆ. ಸಾಹೇಬರ ಹಳೇ ನಕ್ಷೆಯ ಮೇಲೂ ಅಷ್ಟೇ ಚೌಕ ಬರೆದೆ. ನಕ್ಷೆಯ ಒಂದು ಚೌಕದಲ್ಲಿ ಇರುವುದೆಲ್ಲ ಮರಳಿನ ಒಂದು ಚೌಕದಲ್ಲಿ ಬರಬೇಕು, ಲೆಕ್ಕ ಅಷ್ಟೇ. ಮಕ್ಕಳ ಆಟಕ್ಕೆಂದು ಮಾರುವ ಮರಳಿನ ಚೀಲ ತರಿಸಿ, ಒದ್ದೆ ಮಾಡಿ, ಗುಡ್ಡ ಎಬ್ಬಿಸಿದೆ.

ಮರುದಿನ ಬಂದು ನೋಡಿದರೆ ಗುಡ್ಡವೆಲ್ಲ ಕುಸಿದು ಕೂತಿತ್ತು. ಹಾಲಿನ ಹೀಟರು ಬಿಸಿಗಾಳಿ ಊದಿ ಊದಿ ಮರಳನ್ನು ಒಣಗಿಸಿಬಿಟ್ಟಿತ್ತು. ನಮ್ಮ ಕಡೆ ಬಯಲಿನಲ್ಲಿ ಮಾಡುವಾಗ ಈ ಕಾಟ ಇರಲಿಲ್ಲ. ಜೇಡಿಮಣ್ಣು ಬೆರೆಸಿ ಮತ್ತೆ ಎಬ್ಬಿಸಿದೆ. ಈ ಸಲ ಬಿರುಕು ಬಿಟ್ಟಿತು. ಕೊನೆಗೆ ಗುಡ್ಡದ ಒಳಗೆ ಕೋಳಿಬಲೆಯ ತಂತಿ ಮಡಿಸಿಟ್ಟು, ಒದ್ದೆ ಬಟ್ಟೆ ಹೊದಿಸಿ, ಅದರ ಮೇಲೆ ಮಣ್ಣು ಬೆರೆಸಿದ ಮರಳು ಮೆತ್ತಿದೆ. ಬೆಳಿಗ್ಗೆ ಸಂಜೆ ನೀರು ಚಿಮುಕಿಸಿದೆ. ನಿಂತಿತು.

ಊಟವಾದ ಮೇಲೆ ಸಾಹೇಬರು ಗಾಲಿಕುರ್ಚಿಯಲ್ಲಿ ಬರುತ್ತಿದ್ದರು. ಊರುಗೋಲಿನ ರಬ್ಬರ್ ತುದಿಯಿಂದ ತೋರಿಸುತ್ತಿದ್ದರು. ಬೆಳಿಗ್ಗೆ ಏನು ತಿಂದೆ ಎಂಬುದು ಅವರಿಗೆ ನೆನಪಿರುತ್ತಿರಲಿಲ್ಲ. ಆ ಸೀಮೆಯ ಒಂದೊಂದು ತಿರುವೂ ನೆನಪಿತ್ತು.

"ಸಾರ್ಜೆಂಟ್, ಈ ಗುಡ್ಡಕ್ಕೆ ಹೊಟ್ಟೆ ಬಂದಿದೆ. ಬಿಯರ್ ಕುಡಿಸಿದೆಯಾ?"

"ಇಲ್ಲ ಸರ್, ನೀರು ಮಾತ್ರ."

"ಹಾಗಾದ್ರೆ ಬಸಿರಿರಬೇಕು. ಕಡಿಮೆ ಮಾಡು."

"ಬಸಿರಾಗಿರೋದು ನನ್ನ ಮಗಳು, ಸರ್."

"ಓಹೋ! ಹುಡುಗನಾದ್ರೆ ಇಂಜಿನಿಯರ್ ಮಾಡು. ಹುಡುಗಿಯಾದ್ರೆ ಇಂಜಿನಿಯರಿಗೆ ಕೊಡಬೇಡ."

ಹೀಗಿತ್ತು ನಮ್ಮ ಸ್ನೇಹ. ಇದನ್ನೂ ಬರೆಯಬೇಕು. ಇಲ್ಲದಿದ್ದರೆ ಮುಂದಿನದು ಇಷ್ಟು ಕಹಿ ಯಾಕಾಯಿತು ಎಂದು ನಿಮಗೆ ತಿಳಿಯುವುದಿಲ್ಲ.

ಬಣ್ಣದ ಕೆಲಸ ನನ್ನ ಹೆಂಡತಿಯದು. ಮರಗೆಲಸದ ಅಂಗಡಿಯಿಂದ ಹೊಟ್ಟು ತಂದುಕೊಟ್ಟರೆ, ಅವಳು ಹಿಟ್ಟಿನ ಜರಡಿಯಲ್ಲಿ ಜಾಲಿಸಿ, ಮೈಸೂರಿಂದ ತಂದಿದ್ದ ರಂಗೋಲಿ ಬಣ್ಣ ಕಲಸಿ, ಬಾಲ್ಕನಿಯಲ್ಲಿ ಹಳೇ ಬೆಡ್‌ಶೀಟ್ ಹಾಸಿ ಒಣಗಿಸುತ್ತಿದ್ದಳು. ಅಣೆಕಟ್ಟಿನ ನೀರಿಗೆಂದು ನೀಲಿ ಹರಡಿದ ದಿನ ಗಾಳಿ ಎದ್ದಿತು. ಕೆಳಗೆ ನಿಂತಿದ್ದ ಯಾರದೋ ಬಿಳಿ ಕಾರು ನೀಲಿಯಾಯಿತು. ಅಪಾರ್ಟ್‌ಮೆಂಟ್ ಆಫೀಸಿನಾಕೆ ಬಾಗಿಲು ತಟ್ಟಿದಳು. ನನ್ನ ಹೆಂಡತಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಮಗಳ ಹೊಟ್ಟೆ ತೋರಿಸಿ, "ಬೇಬಿ ಕಮಿಂಗ್. ಬ್ಲೂ," ಅಂದಳು. ಆಕೆಯ ಮುಖ ಅರಳಿತು. "ಓ, ಬಾಯ್!" ಅಂದಳು. ಇವಳು ತಲೆಯಾಡಿಸಿ ಬಾಗಿಲು ಹಾಕಿಕೊಂಡಳು. ಇಲ್ಲಿ ಗಂಡುಮಗುವಿಗೆ ನೀಲಿ ಬಣ್ಣವಂತೆ. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಮ್ಮಾ, ಸಾಕು, ಈಗ್ಲೇ ಡೆಲಿವರಿ ಆಗ್ಬಿಡತ್ತೆ!"

ವಸತಿಯ ಲಾಂಡ್ರಿಯಲ್ಲಿ ಒಬ್ಬ ಹೆಂಗಸು ಇದ್ದಳು. ನನಗಿಂತ ಹತ್ತು ವರ್ಷ ಚಿಕ್ಕವಳಿರಬಹುದು. ನಾನು ಅವಳನ್ನು ಸಿಸ್ಟರ್ ಅನ್ನುತ್ತಿದ್ದೆ, ಅವಳು ನನ್ನನ್ನು ಬ್ರದರ್ ಅನ್ನುತ್ತಿದ್ದಳು. ಡ್ರೈಯರ್ ಕೆಟ್ಟಾಗಲೆಲ್ಲ ನಾನೇ ಹೋಗಬೇಕು. ಹಾಗಾಗಿ ಪರಿಚಯ. ಒಂದು ದಿನ ಟೇಬಲ್ ಕ್ಲಾತ್‌ಗಳನ್ನು ಹೊತ್ತು ಹಾಲಿಗೆ ಬಂದವಳು ಮಾದರಿಯ ಮುಂದೆ ನಿಂತುಬಿಟ್ಟಳು.

"ಬ್ರದರ್, ಇದು ನಮ್ಮ ಸೀಮೆ."

"ನೀವು ಅಲ್ಲಿಯವರಾ? ಸಾಹೇಬರಿಗೆ ಗೊತ್ತಾ?"

"ಆರು ವರ್ಷದಿಂದ ಅವರ ಅಂಗಿ ಇಸ್ತ್ರಿ ಮಾಡ್ತಿದ್ದೀನಿ. ಅಂಗಿಗೆ ಗೊತ್ತಿರಬಹುದು." ಆಮೇಲೆ ಬೆರಳು ಚಾಚಿ ಕೇಳಿದಳು, "ನಮ್ಮೂರು ಎಲ್ಲಿ?"

ಅವಳು ತೋರಿಸಿದ ಜಾಗದಲ್ಲಿ ನಾನು ಅಣೆಕಟ್ಟಿನ ಹಿನ್ನೀರಿಗಾಗಿ ತಗ್ಗು ಮಾಡಿದ್ದೆ. ದಂಡೆಯ ಮೇಲೆ ಚರ್ಚು ಮಾತ್ರ ಇತ್ತು. ಚರ್ಚಿನ ಕೆಳಗೆ ಊರಿತ್ತಂತೆ. ಅವಳು ಆಗ ಹುಡುಗಿ. ಅವಳ ತಮ್ಮ, ನಡೆಯಲು ಕಲಿಯುವ ಮೊದಲೇ ಹೋದವನು, ಅಲ್ಲಿನ ಸ್ಮಶಾನದಲ್ಲಿದ್ದ. ಊರು ಎತ್ತಿಸುವಾಗ ಸಮಾಧಿಗಳನ್ನೂ ಗುಡ್ಡದ ಮೇಲೆ ಸಾಗಿಸಿದ್ದೇವೆ ಎಂದು ಸರಕಾರ ಹೇಳಿತಂತೆ. ತಾಯಿ ಅಲ್ಲಿರುವವರೆಗೂ ಗುಡ್ಡ ಹತ್ತಿ ಆ ಹೆಸರಿನ ಕಲ್ಲಿಗೆ ಹೂವಿಟ್ಟವಳು. ಆದರೆ ಅಲ್ಲಿ ಅಗೆದದ್ದನ್ನು ನೋಡಿದವರು ಯಾರೂ ಸಿಗಲಿಲ್ಲ. ಆ ಅನುಮಾನ ಹೋಗಿಲ್ಲ.

"ಅಮ್ಮ ಈಗ ಅಟ್ಲಾಂಟಾದಲ್ಲಿ ಅಣ್ಣನ ಹತ್ತಿರ ಇದ್ದಾಳೆ. ಈ ಫಂಕ್ಷನ್ ವಿಷಯ ಹೇಳಿದ್ದೇ ತಪ್ಪಾಯ್ತು. ಬಸ್ಸಲ್ಲಿ ಬರ್ತಾಳಂತೆ. ಗವರ್ನರನ್ನೇ ಕೇಳ್ತಾಳಂತೆ, ನನ್ನ ಮಗು ಎಲ್ಲಿದೆ ಅಂತ. ಕಣ್ಣು ಮುಚ್ಚೋದ್ರೊಳಗೆ ಅದೊಂದು ಗೊತ್ತಾಗಬೇಕಂತೆ."

ಆಮೇಲೆ ಒಂದು ವಾರ ಕಳೆದಿರಬೇಕು. ನಾನು ಚರ್ಚಿನಿಂದ ಕೆಳಗಿಳಿಯುವ ದಾರಿಯನ್ನು ಕಡ್ಡಿಯಿಂದ ಗೀರುತ್ತಿದ್ದೆ. ಸಾಹೇಬರು ಅರೆಗಣ್ಣು ಮುಚ್ಚಿಕೊಂಡು ಹೇಳುತ್ತಾ ಹೋದರು.

"ದಾರಿ ಎಡಕ್ಕೆ ತಿರುಗತ್ತೆ. ಅಲ್ಲೊಂದು ದೊಡ್ಡ ಮಾವಿನ ಮರ. ಮರ ದಾಟಿದ್ರೆ ಸ್ಮಶಾನ. ಇಳಿಜಾರಲ್ಲಿ ಸಾಲು ಸಾಲಾಗಿ. ಮಕ್ಕಳದ್ದು ಎಲ್ಲಕ್ಕಿಂತ ಕೆಳಗಿನ ಸಾಲು."

ನಾನು ಅಲ್ಲಿ ಕಡ್ಡಿ ಊರಿ ಗುರುತು ಮಾಡಿದೆ. ಸಾಹೇಬರು ಕಣ್ಣು ಬಿಟ್ಟರು.

"ಅದು ಬೇಡ. ಅದು ಈಗ ನೀರಿನೊಳಗಿದೆ."

"ಅವನ್ನೆಲ್ಲ ಗುಡ್ಡದ ಮೇಲೆ ಸಾಗಿಸಿದ್ರಿ ಅಲ್ವಾ ಸರ್?"

"ಕಲ್ಲು ಸಾಗಿಸಿದೆ."

ನನಗೆ ಅರ್ಥವಾಗಲಿಲ್ಲ.

"ಆ ವರ್ಷ ಮಳೆ ಮುಂಚೆ ಬಂತು, ಸಾರ್ಜೆಂಟ್. ಗೇಟು ಇಳಿಸಿ ಆಗಿತ್ತು. ಅಗೆಯೋಕೆ ಆಳು ಬೇಕು, ಲಾರಿ ಬೇಕು, ಪಾದ್ರಿ ಬೇಕು. ಇದ್ದ ಆಳುಗಳಿಂದ ಕಲ್ಲು ಎತ್ತಿಸಿ ಗುಡ್ಡದ ಮೇಲೆ ಸಾಲಾಗಿ ನಿಲ್ಲಿಸಿದೆ. ನೋಡೋಕೆ ಅಚ್ಚುಕಟ್ಟಾಗಿತ್ತು."

ಇಷ್ಟು ಹೇಳಿ ಕಾಫಿ ತರಲು ಹೇಳಿದರು. ದನಿಯಲ್ಲಿ ಏನೂ ಇರಲಿಲ್ಲ. ಸಿಮೆಂಟು ಸಾಲದೆ ಬಂದಾಗ ಏನು ಮಾಡಿದೆ ಎಂದು ಹೇಳುವ ದನಿ. ನಾನೂ ಕಾಫಿ ತಂದುಕೊಟ್ಟೆ. ಆ ಕಾಫಿ ತಂದುಕೊಟ್ಟದ್ದು ನನಗೆ ಇವತ್ತಿಗೂ ಉರಿಯುತ್ತದೆ.

ಲಾಂಡ್ರಿಯ ಮುಂದೆ ಎರಡು ಸಲ ಹೋದೆ. ಹೇಳಲು ಬಾಯಿ ಬರಲಿಲ್ಲ. ನಾನು ಹೇಳಿದರೆ ಅದು ರಿಪೇರಿಯವನ ಮಾತು. ತಾಯಿ ಕೇಳಬೇಕೆಂದಿದ್ದು ಗವರ್ನರನ್ನು.

ಸಂಜೆ ಮನೆಯಲ್ಲಿ ಹೆಂಡತಿಗೆ ಹೇಳಿದೆ. ಅವಳು ಮಗಳಿಗೆಂದು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ಕೈ ನಿಂತಿತು.

ನಮ್ಮದೂ ಒಂದಿದೆ. ಈಗಿರುವ ಮಗಳಿಗಿಂತ ಮುಂಚಿನದು, ಹೆಣ್ಣು. ಪೂರ್ವದ ಗಡಿಯ ಕಡೆ ಒಂದು ನದಿಗೆ ನಮ್ಮ ಕಂಪನಿ ಸೇತುವೆ ಹಾಕುತ್ತಿತ್ತು. ಎಳೇ ಕೂಸು, ಜ್ವರ ತಡೆಯಲಿಲ್ಲ. ಎಳೇ ಮಕ್ಕಳನ್ನು ಸುಡುವುದಿಲ್ಲವಲ್ಲ. ನಾನೂ ಇಬ್ಬರು ಜವಾನರೂ ನದಿ ದಂಡೆಯಲ್ಲಿ ಮಣ್ಣು ಮಾಡಿದೆವು. ಇವಳು ಜ್ವರದಲ್ಲೇ ಮಲಗಿದ್ದಳು. ಮುಂದಿನ ಮಳೆಗಾಲಕ್ಕೆ ನದಿ ಆ ದಂಡೆಯನ್ನೇ ಕೊಚ್ಚಿಕೊಂಡು ಹೋಯಿತು. ಆ ವಿಷಯ ಇವಳಿಗೆ ಆಗಲೇ ಹೇಳಿದ್ದೇನೆ. ಇವಳು ಒಪ್ಪಿಲ್ಲ.

"ಸಾಹೇಬ್ರು ಜಾಗ ಹೇಳಿದ್ರಾ ಇಲ್ವಾ?" ಎಂದು ಕೇಳಿದಳು.

"ಹೇಳಿದ್ರು. ಆಮೇಲೆ ಬೇಡ ಅಂದ್ರು. ನೀರಿನ ಕೆಳಗಿದೆ ಅಂತ."

"ನೀರಿನ ಕೆಳಗಿದ್ರೆ ಜಾಗ ಇಲ್ಲ ಅಂತ ಆಗತ್ತೇನ್ರೀ? ದಂಡೆ ಹೋದ್ರೂ ಜಾಗ ಅಲ್ಲೇ ಇರತ್ತೆ. ನಿಮ್ಮ ಉಸ್ತಾದ್ರು ಏನು ಹೇಳಿಕೊಟ್ಟಿದ್ರು? ಆಫೀಸರ್ ಬಾಯಲ್ಲಿ ಬಂದ್ಮೇಲೆ ಇಡಬೇಕು ಅಂತ ತಾನೆ? ಮದುವೆ ಆದಾಗಿಂದ ಅದನ್ನೇ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಇಡಿ."

"ಕೆಲಸ ಹೋಗತ್ತೆ ಕಣೇ."

"ಹೋಗ್ಲಿ. ಮೊಮ್ಮಗು ನೋಡ್ಕೊಳೋಕೆ ಇಲ್ಲೂ ಕೆಲಸ ಇದೆ. ಸಂಬಳ ಇಲ್ಲ, ಅಷ್ಟೇ."

ಎದ್ದು ಹೋಗಿ ಡಬ್ಬ ತೆಗೆದು ಒಂದು ಹಿಡಿ ಸಬ್ಬಕ್ಕಿ ಕಾಗದದಲ್ಲಿ ಕಟ್ಟಿಕೊಟ್ಟಳು. ರಾಕ್‌ವಿಲ್‌ನ ಇಂಡಿಯನ್ ಸ್ಟೋರಿನಿಂದ ತಂದಿದ್ದು. ಬಿಳಿ, ದುಂಡಗೆ, ಸಣ್ಣ ಗಾತ್ರದ್ದು. ನೆಲದ ಮೇಲೆ ಇಟ್ಟರೆ ಕಲ್ಲಿನ ಹಾಗೇ ಕಾಣುತ್ತದೆ ಎಂದಳು.

ಬೆಳಿಗ್ಗೆ ಯಾರೂ ಬರುವ ಮೊದಲು ಸಾಹೇಬರು ಹೇಳಿದ ಜಾಗದಲ್ಲೇ, ಮಾವಿನ ಮರ ದಾಟಿ, ಇಳಿಜಾರಿನಲ್ಲಿ ಸಾಲು ಸಾಲಾಗಿ ಸಬ್ಬಕ್ಕಿ ಊರಿದೆ. ಕೆಳಗಿನ ಸಾಲು ಕೊನೆಗೆ. ಅದರ ಮೇಲೆ ನೀಲಿ ಹೊಟ್ಟು ಉದುರಿಸಿದೆ. ಚರ್ಚಿನ ದಾರಿ ನೀರಿನ ಅಂಚಿಗೆ ಬಂದು ನಿಲ್ಲುವ ಹಾಗೆ ಬಿಟ್ಟೆ. ಮೇಲಿಂದ ನೋಡಿದರೆ ಬರೀ ನೀರು. ಸಾಹೇಬರು ಮಧ್ಯಾಹ್ನ ಬಂದು ನೋಡಿ, "ಈಗ ಸರಿಯಾಯ್ತು. ನೀರು ನೀರಿನ ಹಾಗಿದೆ," ಎಂದರು. ಸಿಸ್ಟರಿಗೆ ಮಾತ್ರ ಇಷ್ಟು ಹೇಳಿದೆ, "ಅಮ್ಮ ಬಂದ್ರೆ ಮಾದರಿ ಹತ್ತಿರ ಕರೆದುಕೊಂಡು ಬನ್ನಿ. ಅವರ ಕಾಲು ನಡೆದ ದಾರಿ ಅಲ್ಲಿದೆ."

ಸಮಾರಂಭದ ದಿನ ಭಾನುವಾರ. ಬೆಳಿಗ್ಗೆಯೇ ಮಗಳಿಗೆ ನೋವು ಶುರುವಾಗಿ ಅಳಿಯ ಆಸ್ಪತ್ರೆಗೆ ಕರೆದುಕೊಂಡು ಹೋದ. ಹೆಂಡತಿ ಜೊತೆಯಲ್ಲಿ ಹೋದಳು. "ನೀವು ಹೋಗಿ ಕೆಲ್ಸ ಮುಗಿಸಿ, ಮಾವ. ಪೇಜ್ ಮಾಡ್ತೀನಿ," ಎಂದ ಅಳಿಯ. ವಸತಿಯವರು ಕೊಟ್ಟ ಪೇಜರ್ ಸೊಂಟದಲ್ಲಿತ್ತು. ನಲ್ಲಿ ಸೋರಿದರೆ ಕೂಗುವ ಆ ಡಬ್ಬಿಯನ್ನು ಅವತ್ತು ನಿಮಿಷಕ್ಕೊಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಹಾಲು ತುಂಬಿತ್ತು. ಹಳೇ ಅಧಿಕಾರಿಗಳು ಟೈ ಕಟ್ಟಿಕೊಂಡು ಮಾದರಿಯ ಸುತ್ತ ನಿಂತು, ಇದು ನನ್ನ ಬಂಗಲೆ, ಇದು ನಮ್ಮ ಕ್ಲಬ್ಬು ಎಂದು ಬೆರಳಿಟ್ಟು ಸಂತೋಷಪಟ್ಟರು. ಷಾರ್ಲೆಟ್‌ನ ಮಗ ಭಾಷಣ ಮಾಡಿದ. ಅಪ್ಪ ಕತ್ತಲೆಯ ಸೀಮೆಗೆ ದೀಪ ತಂದರು ಎಂದ. ಚಪ್ಪಾಳೆ. ಮಾದರಿ ಯಾರು ಮಾಡಿದರು ಎಂದು ಯಾರೋ ಕೇಳಿದರು. ಮ್ಯಾನೇಜರಮ್ಮ, "ನಮ್ಮ ಸ್ಟಾಫ್," ಎಂದಳು.

ಹಿಂದಿನ ಬಾಗಿಲ ಹತ್ತಿರ ಸಿಸ್ಟರ್ ಭಾನುವಾರದ ಬಟ್ಟೆಯಲ್ಲಿ ನಿಂತಿದ್ದಳು. ಅವಳ ತೋಳು ಹಿಡಿದು ಒಂದು ಗಿಡ್ಡ ಮುದುಕಿ, ಹೂವಿನ ಹ್ಯಾಟು. ಸಾಹೇಬರಿಗೆ ಕೈಕುಲುಕುವ ಸಾಲಿನಲ್ಲಿ ಕೊನೆಯವರಾಗಿ ಬಂದರು.

"ಗವರ್ನರ್," ಎಂದಳು ಮುದುಕಿ. ಸಣ್ಣ ದನಿ, ಆದರೆ ಹಾಲಿನಲ್ಲಿ ಕೇಳಿಸಿತು. "ನಾನು ಚರ್ಚಿನ ಕೆಳಗಿನ ಊರಿನವಳು. ನನ್ನ ಮಗ ನಿಮ್ಮ ನೀರು ಬರೋ ಮುಂಚೆ ಸ್ಮಶಾನದಲ್ಲಿದ್ದ. ಈಗೆಲ್ಲಿದ್ದಾನೆ?"

ಸಾಹೇಬರು ಅವಳ ಕೈ ಬಿಡಲಿಲ್ಲ. ಬಹಳ ಮರ್ಯಾದೆಯಿಂದ ಹೇಳಿದರು, "ಮೇಡಂ, ಎಲ್ಲರನ್ನೂ ಗೌರವದಿಂದ ಎತ್ತರದ ಜಾಗಕ್ಕೆ ಸಾಗಿಸಿದೆವು." ಊರುಗೋಲಿನಿಂದ ಮಾದರಿಯ ಗುಡ್ಡ ತೋರಿಸಿದರು. ಅದೇ ಹೊಟ್ಟೆ ಬಂದ ಗುಡ್ಡ. ನಾಲ್ಕು ಜನ ಸಮಾಧಾನದಿಂದ ತಲೆಯಾಡಿಸಿದರು.

ನನ್ನ ಮೈ ಉರಿಯಿತು. ನನ್ನ ಮುಂದೆ ಕಲ್ಲು ಸಾಗಿಸಿದೆ ಎಂದು ಹೇಳಿ ಕಾಫಿ ಕೇಳಿದ ಬಾಯಿ ಅದು.

ಮುದುಕಿ ಗುಡ್ಡ ನೋಡಲಿಲ್ಲ. ಮಗಳ ತೋಳು ಬಿಟ್ಟು ಟೇಬಲಿನ ಹತ್ತಿರ ಬಂದಳು. ಬಿಳಿ ಬೆಂಕಿಪೊಟ್ಟಣದ ಚರ್ಚಿನ ಮೇಲೆ ಬೆರಳಿಟ್ಟಳು. ಆ ಬೆರಳು ನಡೆಯಿತು. ದಾರಿಯಲ್ಲಿ ಇಳಿಯಿತು, ನೀರಿನ ಅಂಚಿಗೆ ಬಂತು. ನಾನು ದಾರಿ ನಿಲ್ಲಿಸಿದ್ದೆ, ಅವಳು ನಿಲ್ಲಿಸಲಿಲ್ಲ. ನೀಲಿಯೊಳಗೆ ಎಡಕ್ಕೆ ತಿರುಗಿದಳು. ಹೊಟ್ಟು ಬೆರಳಿನ ಎರಡೂ ಕಡೆ ಸರಿಯುತ್ತಾ ಹೋಯಿತು. ಮಾವಿನ ಮರದ ಜಾಗ ದಾಟಿತು. ಆಮೇಲೆ ಬಿಳಿ ಕಂಡಿತು. ಒಂದು ಸಾಲು, ಅದರ ಕೆಳಗೆ ಇನ್ನೊಂದು. ಕೊನೆಯ ಸಾಲಿನಲ್ಲಿ ಬೆರಳು ನಿಂತಿತು.

ಸಾಹೇಬರು ಕುರ್ಚಿಯ ಗಾಲಿಯನ್ನು ತಾವೇ ತಳ್ಳಿಕೊಂಡು ಹತ್ತಿರ ಬಂದರು. ನೋಡಿದರು.

"ಇದನ್ನು ಯಾರು ಇಟ್ಟದ್ದು?"

"ನಾನು ಸರ್."

"ಯಾರು ಹೇಳಿದ್ರು?"

"ನೀವೇ ಸರ್."

ನನ್ನ ಮುಖ ನೋಡಿದರು. ಮುದುಕಿಯ ಮುಖ ನೋಡಲಿಲ್ಲ. ಮತ್ತೆ ಮಾದರಿ ನೋಡಿ, ಇಂಜಿನಿಯರಿನ ದನಿಯಲ್ಲಿ, "ಜಾಗ ಸರಿಯಾಗಿದೆ," ಎಂದರು.

ಅಷ್ಟೇ. ತಪ್ಪಾಯಿತು ಎಂದಿಲ್ಲ, ಮಗುವಿನ ಹೆಸರೇನು ಎಂದಿಲ್ಲ. ಜಾಗ ಸರಿಯಾಗಿದೆ. ಮಗ ಓಡಿ ಬಂದು, ಅಪ್ಪನಿಗೆ ಸುಸ್ತಾಗಿದೆ, ಎಲ್ಲರೂ ಕೇಕು ತೆಗೆದುಕೊಳ್ಳಿ ಎಂದು ನಗುತ್ತಾ ಕುರ್ಚಿ ತಳ್ಳಿಕೊಂಡು ಹೋದ. ಸಾಹೇಬರು ತಿರುಗಿ ನೋಡಲಿಲ್ಲ.

ಮುದುಕಿ ಅಳಲಿಲ್ಲ. ಸರಿದಿದ್ದ ನೀಲಿಯನ್ನು ಅಂಗೈಯಿಂದ ಮೆಲ್ಲಗೆ ಎಳೆದು ಮತ್ತೆ ಆ ಬಿಳಿಯ ಮೇಲೆ ಮುಚ್ಚಿದಳು. ಎರಡು ಸಲ ತಟ್ಟಿದಳು. ಮಲಗಿದ ಮಗುವಿಗೆ ಹೊದಿಕೆ ಸರಿ ಮಾಡುವ ಹಾಗೆ. "ಇಷ್ಟು ವರ್ಷ ಕಲ್ಲಿಗೆ ಹೂವಿಟ್ಟೆ," ಎಂದು ಮಗಳಿಗೆ ಹೇಳಿದಳು. "ಬಾ ಹೋಗೋಣ." ಬಾಗಿಲ ಹತ್ತಿರ ಸಿಸ್ಟರ್ ತಿರುಗಿ ನನ್ನ ಕಡೆ ನೋಡಿದಳು. ಅದು ಥ್ಯಾಂಕ್ಸೋ ಸಿಟ್ಟೋ ನನಗೆ ಗೊತ್ತಾಗಲಿಲ್ಲ. ಎರಡೂ ಇದ್ದಿರಬಹುದು.

ಕೇಕು ಮುಗಿದ ಮೇಲೆ ಮ್ಯಾನೇಜರಮ್ಮ ನನ್ನನ್ನು ಬದಿಗೆ ಕರೆದಳು. ನಾಳೆಯಿಂದ ಬರುವುದು ಬೇಡ, ಹೋಗುವ ಮೊದಲು ಟೇಬಲ್ ಕ್ಲೀನ್ ಮಾಡಿ ಹೋಗು ಎಂದಳು. ಸೈನ್ಯದಲ್ಲಿ ಕಾರ್ಯಾಚರಣೆ ಮುಗಿದ ಮೇಲೆ ಮಾದರಿ ಒಡೆಯುವುದು ರೂಢಿ. ಎಷ್ಟೋ ಒಡೆದಿದ್ದೇನೆ. ಸಲಿಕೆ ತಂದೆ. ಬಂಗಲೆ, ಕ್ಲಬ್ಬು, ಅಣೆಕಟ್ಟು, ಹೊಟ್ಟೆಯ ಗುಡ್ಡ, ಎಲ್ಲ ಚೀಲಕ್ಕೆ ಹಾಕಿದೆ. ಚರ್ಚಿನ ಕೆಳಗಿನ ಮೂಲೆಗೆ ಬಂದಾಗ ಕೈ ಹೋಗಲಿಲ್ಲ. ನಿಂತುಕೊಂಡಿದ್ದಾಗ ಸೊಂಟದಲ್ಲಿ ಪೇಜರ್ ಗುರ್ ಎಂದಿತು.

ಆಫೀಸಿನ ಫೋನಿಗೆ ಓಡಿದೆ. ಅಳಿಯ ಆ ಕಡೆಯಿಂದ ಅರಚುತ್ತಿದ್ದ, "ಮಾವ, ಹುಡುಗಿ! ಇಬ್ಬರೂ ಫೈನ್! ಬೇಗ ಬನ್ನಿ!"

ಪೇಜರನ್ನು ಮ್ಯಾನೇಜರಮ್ಮನ ಮೇಜಿನ ಮೇಲೆ ಇಟ್ಟೆ. ಆ ಮೂಲೆಯನ್ನು ಒಡೆಯಲಿಲ್ಲ. ಅವರಿಗೆ ಬೇಡವಾದರೆ ಅವರೇ ಒಡೆಯಲಿ. ನೀರು ಬಿಡುವುದೂ ಮುಚ್ಚುವುದೂ ಅವರಿಗೆ ಹೊಸದಲ್ಲ.

ಆಸ್ಪತ್ರೆಯಲ್ಲಿ ನರ್ಸಮ್ಮ ಕೈ ತೊಳೆದು ಬಾ ಎಂದಳು. ತೊಳೆದೆ, ಉಜ್ಜಿದೆ, ಉಗುರಿನ ಸಂದಿಯ ನೀಲಿ ಹೋಗಲಿಲ್ಲ. ಬಣ್ಣ, ಕೊಳೆಯಲ್ಲ ಎಂದು ಹೇಳಿ ಒಪ್ಪಿಸಿದೆ. ಆ ಕೈಯಲ್ಲೇ ಮೊಮ್ಮಗಳನ್ನು ತೆಗೆದುಕೊಂಡೆ. ಕಣ್ಣು ಬಿಟ್ಟು ನನ್ನನ್ನು ನೋಡಿದಳು, ನೋಡಿ ಅರಚಿದಳು. ನಾನೂ ಅತ್ತೆ. ಮಗಳು, "ಅಪ್ಪಾ, ನೀವು ಅತ್ರೆ ಅವಳು ಕಾಂಪಿಟಿಷನ್‌ಗೆ ಬೀಳ್ತಾಳೆ," ಎಂದು ಬೈದಳು.

ಹೆಂಡತಿ ನನ್ನ ಉಗುರು ನೋಡಿದಳು. "ತೋರ್ಸಿದ್ರಾ?"

"ಅವರೇ ಕಂಡುಕೊಂಡ್ರು."

"ಕೆಲಸ?"

"ಹೋಯ್ತು."

"ಹ್ಞೂಂ. ಕೂತ್ಕೊಳ್ಳಿ, ಊಟ ಮಾಡೋಣ."

ನಡುವೆ ಅಳಿಯನ ಜೊತೆ ಮನೆಗೆ ಹೋಗಿ ಎಲ್ಲ ಮಾಡಿಕೊಂಡು ಬಂದಿದ್ದಳು. ಬಾಣಂತಿಗೆ ಆಸ್ಪತ್ರೆಯವರು ಐಸ್ ನೀರೂ ತಣ್ಣನೆ ಸ್ಯಾಂಡ್‌ವಿಚ್ಚೂ ಕೊಟ್ಟಿದ್ದಾರೆಂದು ಒಂದೇ ಸಮನೆ ಬೈಯುತ್ತಾ, ಮಂಚದ ಪಕ್ಕದ ಗಾಲಿಮೇಜಿನ ಮೇಲೆ ಡಬ್ಬಿ ಬಿಚ್ಚಿದಳು. ಬಿಸಿ ಅನ್ನ, ಮೆಣಸಿನ ಸಾರು, ತುಪ್ಪ, ಬೆಳ್ಳುಳ್ಳಿ ಹುರಿದದ್ದು. ಮಗಳು ಮಂಚದ ಮೇಲೆ, ಅಳಿಯ ಕಿಟಕಿಯ ಕಟ್ಟೆಯ ಮೇಲೆ, ನಾನು ಒಂದೇ ಒಂದು ಕುರ್ಚಿಯ ಮೇಲೆ, ನನ್ನ ತೊಡೆಯ ಮೇಲೆ ಮೊಮ್ಮಗಳು, ನಿದ್ದೆ ಹೋಗಿದ್ದಳು. ಎಡಗೈ ಅವಳ ಕೆಳಗೆ, ಬಲಗೈಯಲ್ಲಿ ತಟ್ಟೆ ಹಿಡಿದಿದ್ದರಿಂದ ಹೆಂಡತಿಯೇ ನನಗೆ ತುತ್ತು ಕೊಟ್ಟಳು. ಅಳಿಯ ನಕ್ಕ. ನಗಲಿ.

ಕೊನೆಯ ಡಬ್ಬಿಯಲ್ಲಿ ಪಾಯಸ ಇತ್ತು. ಸಬ್ಬಕ್ಕಿ ಪಾಯಸ.

"ಅದೇ ಪ್ಯಾಕೆಟ್ಟಿಂದಾ?" ಎಂದು ಕೇಳಿದೆ.

"ಮನೇಲಿ ಇನ್ಯಾವುದಿತ್ತು?" ಎಂದಳು. "ಉಳಿದಿದ್ದಷ್ಟೂ ಹಾಕಿದ್ದೀನಿ."

ಚಮಚ ಬಾಯಿಯ ಹತ್ತಿರ ಹಿಡಿದು ಕಾದಳು. ಮೊದಲು ನನಗೆ, ಆಮೇಲೆ ಅಳಿಯನಿಗೆ, ಮಗಳಿಗೆ, ಕೊನೆಗೆ ತಾನೂ ಕೂತು ತಿಂದಳು. ಡಬ್ಬಿಯಲ್ಲಿ ಒಂದು ಕಾಳೂ ಉಳಿಯಲಿಲ್ಲ.